ಕೆಂಪಗೆ ಕಂಡ ಕೆರೆ

ಹಿರಿಯೂರು, ೧೪-೩-೭೭

ಅಕ್ಕನಿಗೆ ನಮಸ್ಕಾರ.

ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಲೆ ಕೆಡುತ್ತದೆ. ಉಪಗ್ರಹ ತೆಗೆದ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ ಎಂದಿದ್ದೆನಲ್ಲ? ಇಲ್ಲಿನ ಒಂದು ಹಳ್ಳಿಯ ಪಕ್ಕ ಉಗುರಿನಷ್ಟು ಕಡುಗೆಂಪಿತ್ತು. ನೀರಾವರಿ ಬೆಳೆಯೆಂದು ತಿಳಿದು, ನಕ್ಷೆಯಲ್ಲಿ ಆ ಊರಿಗೆ ‘ಬರದ ಭಯವಿಲ್ಲ’ ಎಂದು ಬರೆದು ನಿನ್ನೆ ಬೆಂಗಳೂರಿಗೆ ಕಳಿಸಿಬಿಟ್ಟೆ. ಇವತ್ತು ಜೀಪು ಕೆಟ್ಟು ಅದೇ ಊರಲ್ಲಿ ಇಳಿದರೆ, ಬೆಳೆಯೆಲ್ಲಿ ಬಂತು, ಆಳೆತ್ತರದ ಬಳ್ಳಾರಿ ಜಾಲಿ! ಅದರೊಳಗೆ ಕುರಿ ಮೇಯಿಸುತ್ತಿದ್ದ ನಾಗಕ್ಕ ಎಂಬಾಕೆಯನ್ನು, “ಈ ಊರಿನ ಕೆರೆ ಎಲ್ಲಿದೆಯಮ್ಮ?” ಎಂದು ಕೇಳಿದೆ.

“ಕೆರೆಯಾಗೇ ನಿಂತ್ಕಂಡು ಕೆರೆ ಎಲ್ಲೈತೆ ಅಂತೀರಲ್ರಿ! ನೀರು ಬತ್ತಿದ ಮ್ಯಾಲೆ ಜಾಲಿ ಎದ್ದೈತೆ,” ಎಂದಳು.

ಸತ್ತ ಕೆರೆಯನ್ನು ನಾನು ಪೈರೆಂದು ಬರೆದಿದ್ದೇನೆ! ಹೊಸದುರ್ಗ, ಹೊಳಲ್ಕೆರೆಯ ಚಿತ್ರದ ಹಾಳೆಗಳಲ್ಲೂ ಇಂಥ ಕೆಂಪು ಬೇಕಾದಷ್ಟಿದೆ.

ಚಪ್ಪಲಿ ತೂರಿ ಬಂದ ಮುಳ್ಳನ್ನು ಆಕೆಯೇ ಕಿತ್ತಳು. ಸ್ವಲ್ಪ ಕುಂಟುತ್ತಿದ್ದೇನೆ, ಗಾಬರಿಯಾಗಬೇಡ. ಯುಗಾದಿಗೆ ನನ್ನ ದಾರಿ ಕಾಯಬೇಡ. ನಕ್ಷೆಯ ಹಿಂದೆಯೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದೇನೆ. ಅಲ್ಲಿ ಅದಕ್ಕೆ ಸಹಿ ಬಿದ್ದರೆ ನಾಗಕ್ಕನ ಊರಿಗೆ ಬರ ಪರಿಹಾರದ ಒಂದು ಕಾಳೂ ಬರುವುದಿಲ್ಲ.

ನಿನ್ನ ತಮ್ಮ,
ಸದಾನಂದ