ಚಿಕ್ಕದು ಮಾತು ಮುಗಿಸುವವರೆಗೆ

ಭಾನುವಾರ, ಮಾರ್ಚ್ ೧೭

ನನ್ನ ಮುದ್ದಿನ ನಿಧಾನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ಸಂಗೀತ ಕಚೇರಿ ಮುಗಿದ ಮಾರನೆಯ ದಿನವೇ ಬರೆಯುತ್ತೇನೆಂದು ಹೇಳಿದ್ದೆ, ಎಂಟು ದಿನ ಕಳೆದುಹೋಯಿತು. ತಡ ಮಾಡುವುದು ನಮ್ಮ ಮನೆಯಲ್ಲಿ ನಿನ್ನ ಇಲಾಖೆ, ಅದಕ್ಕೂ ಕೈಹಾಕಿದಳಲ್ಲ ಎಂದು ಬೈಯಬೇಡ. ನಿನ್ನ ಸೊಂಟದ ನೋವು ಹೇಗಿದೆ? ಇಡೀ ವಾರ್ಡಿಗೆ ಮದ್ದು ಕುಡಿಸುವ ನರ್ಸಮ್ಮ ತಾನು ಒಂದು ಗುಳಿಗೆಯನ್ನೂ ನುಂಗುವುದಿಲ್ಲ ಎಂದು ನನಗೆ ಗೊತ್ತು.

ಮೊದಲು ಸಿಹಿ ಸುದ್ದಿ. ನಮ್ಮ ಸಂಗ್ರಹಾಲಯ ಉಳಿಯಿತು. ಹೋದ ವರ್ಷ ಇಲಾಖೆಯ ಸಾಹೇಬರು ಬಂದು ಒದ್ದೆ ಗೋಡೆಯ ಮೇಲೆ ಬೆರಳಾಡಿಸಿ, "ಇದನ್ನ ಸರಿ ಮಾಡಿಸ್ದೆ ಹೋದ್ರೆ ಸಾಮಾನೆಲ್ಲ ಕಟ್ಟಿ ದೊಡ್ಡ ಊರಿನ ಉಗ್ರಾಣಕ್ಕೆ ಕಳಿಸ್ಬೇಕಾಗುತ್ತಮ್ಮ" ಎಂದಿದ್ದರು. ನಮ್ಮ ಬುಡಕಟ್ಟಿನ ಬಲೆ, ಬುಟ್ಟಿ, ಕೊಳಲು, ಅಜ್ಜಿಯ ಜೋಡಿ ಡೋಲು, ಎಲ್ಲವೂ ಬೆನ್ನಿಗೊಂದು ಚೀಟಿ ಅಂಟಿಸಿಕೊಂಡು ಕತ್ತಲಲ್ಲಿ ಕೂರಬೇಕಿತ್ತು. ಹದಿನಾರು ವರ್ಷ ಅವುಗಳ ಧೂಳು ಒರೆಸಿದವಳು ನಾನು, ಬಿಡುತ್ತೇನೆಯೇ? ನಮ್ಮ ಜನರ ಸಂಗೀತದ್ದೇ ಒಂದು ಸಹಾಯಾರ್ಥ ಕಚೇರಿ ಮಾಡೋಣ ಎಂದು ಹಟ ಹಿಡಿದೆ. ಸಭಾಂಗಣ ತುಂಬಿ ಮೆಟ್ಟಿಲ ಮೇಲೂ ಜನ ಕೂತಿದ್ದರು. ಮೇಸ್ತ್ರಿ ಮೊನ್ನೆಯಿಂದ ಗಾರೆ ಕೆರೆಯುತ್ತಿದ್ದಾನೆ. ಈ ಕಾಗದದ ಮೇಲೆ ಸುಣ್ಣದ ಪುಡಿ ಕಂಡರೆ ಅದು ಅವನ ಕೊಡುಗೆ.

ನೀನು ಬರಲಿಲ್ಲ. "ರಜೆ ಸಿಗಲಿಲ್ಲ" ಎಂದು ಒಂದೇ ಸಾಲು ಬರೆದೆ. ಅಮ್ಮ ಹೋದ ಮೇಲೆ ಈ ಹನ್ನೊಂದು ವರ್ಷದಲ್ಲಿ ನಮ್ಮೂರಿಗೆಂದು ನಿನಗೆ ಒಂದು ದಿನವೂ ರಜೆ ಸಿಕ್ಕಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮುಂದಿನ ಕಚೇರಿಗಾದರೂ ನೀನು ಬಂದು ಚಿಕ್ಕ ಡೋಲಿನ ಹಿಂದೆ ಕೂರಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಈ ಕಚೇರಿಗೆ ಮುಂಚೆ, ನಿನಗೆ ಗೊತ್ತಿರುವುದನ್ನೇ ಸಾಹೇಬರಿಗೆ ಬಿಡಿಸಿ ಹೇಳಬೇಕಾಯಿತು. ದೊಡ್ಡದು ಕೇಳುತ್ತದೆ, ಚಿಕ್ಕದು ಉತ್ತರ ಕೊಡುತ್ತದೆ. ದೊಡ್ಡದು ಅಕ್ಕನದು, ಚಿಕ್ಕದು ತಂಗಿಯದು, ಬೇರೆ ಕೈ ತಾಗಕೂಡದು. ಚಿಕ್ಕದರ ಕೊನೆಯ ನಡುಕ ಅಡಗುವವರೆಗೆ ದೊಡ್ಡದು ಬಾಯಿ ತೆರೆಯಕೂಡದು. ಅವರು ಎಲ್ಲ ಕೇಳಿ, "ತಂಗಿ ಬರ್ಲಿಲ್ಲಾಂದ್ರೆ ಬೇರೆ ಕಲಾವಿದರನ್ನ ಕೂರಿಸೋಣ ಬಿಡಿ" ಎಂದರು. "ಕೂರಿಸಿ ಸಾರ್, ಆದ್ರೆ ನಾನು ಏಳ್ತೀನಿ" ಎಂದೆ. ಆಮೇಲೆ ಅವರು ಆ ಸುದ್ದಿಗೆ ಬರಲಿಲ್ಲ.

ದಾರಿ ತೋರಿಸಿದವನು ಮೈಕಿನವನು. ನಾವಿಬ್ಬರೂ ಲಂಗ ತೊಡುತ್ತಿದ್ದಾಗ ಒಬ್ಬ ಮೇಷ್ಟ್ರು ಟೇಪು ತಂದು ನಮ್ಮ ಡೋಲಿನ ಸದ್ದು ಹಿಡಿದುಕೊಂಡು ಹೋಗಿದ್ದರಲ್ಲ, ಅದರ ಪ್ರತಿ ನನ್ನ ಮೂರನೆಯ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ನಾನೇ ಬಾರಿಸಿದ್ದು, ಕೇಳುವುದೇನು ಎಂಬ ಜಂಬ. ಅವನು ಅದೇನೋ ಯಂತ್ರಕ್ಕೆ ಹಾಕಿ ನಿನ್ನ ಚಿಕ್ಕದರ ಸದ್ದನ್ನಷ್ಟೇ ಬೇರೆ ಮಾಡಿದ. ಅದು ಸ್ಪೀಕರಿನಲ್ಲಿ ಬರುತ್ತದೆ, ನಾನು ಅದಕ್ಕೆ ಸರಿಯಾಗಿ ದೊಡ್ಡದನ್ನು ಬಾರಿಸಬೇಕು. ಕಟ್ಟಳೆ ಮುರಿಯುವುದಿಲ್ಲ, ಏಕೆಂದರೆ ಬಾರಿಸುವವಳು ನೀನೇ, ಒಂಬತ್ತು ವರ್ಷದ ನೀನು.

ಕಿವಿಗೆ ಆ ಹೆಡ್‌ಫೋನಿನ ಬಟ್ಟಲುಗಳನ್ನು ಸಿಕ್ಕಿಸಿಕೊಂಡು ಅಭ್ಯಾಸಕ್ಕೆ ಕೂತೆ. ಮೂರು ಸುತ್ತು ಆಗುವಷ್ಟರಲ್ಲಿ ಅವನು ಕೈ ಎತ್ತಿ ನಿಲ್ಲಿಸಿದ.

"ಅಮ್ಮಾ, ನೀವು ಮುಂಚೆ ಬರ್ತಿದೀರ."

"ನಾನಲ್ಲಪ್ಪ, ಅವಳು ತಡ. ಹುಟ್ಟಿದಾಗಿಂದ ಹಾಗೇ. ಅದಕ್ಕೇ ನಿಧಾನಿ ಅಂತ ಹೆಸರಿಟ್ಟಿದ್ದು."

"ಟೇಪು ತಡ ಮಾಡಲ್ಲಮ್ಮ" ಎಂದ, ನಗದೆಯೇ. ನಾನು ನಂಬುವುದಿಲ್ಲ ಎಂದು ಗೊತ್ತಾಗಿ ಇಡೀ ಟೇಪನ್ನು ಹಾಗೆಯೇ ಹಾಕಿದ, ನಮ್ಮಿಬ್ಬರ ಸದ್ದೂ ಸೇರಿದ್ದನ್ನು.

ಕೇಳಿದೆ. ನಿನ್ನ ಏಟುಗಳು ಎಣ್ಣೆ ಸುರಿದ ಹಾಗೆ ಒಂದೇ ಸಮ. ಪ್ರತಿ ಸುತ್ತಿನಲ್ಲೂ ನೀನು ಮಾತು ಮುಗಿಸುವ ಮೊದಲೇ ನನ್ನ ದೊಡ್ಡದು ಮೈಮೇಲೆ ಬಿದ್ದಿದೆ. ನಾಲ್ಕನೆಯ ಸುತ್ತಿನಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ತಾಳೇ ದೊಡ್ಡೋಳೇ, ಅವಳು ಮುಗಿಸ್ಲಿ." ಅಮ್ಮ ಆವತ್ತು ನಿನ್ನನ್ನು ಗದರಿದಳೆಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ! ನನ್ನ ಮುಖ ನೋಡಿ ಮೈಕಿನವನು ಟೀ ತರುವ ನೆಪ ಮಾಡಿ ಹೊರಗೆ ಹೋದ. ಒಳ್ಳೆಯವನು. ನಾನು ಕೂತಲ್ಲೇ ಅತ್ತೆ.

ಅತ್ತು ಮುಗಿಸಿ ಅಭ್ಯಾಸ ಮಾಡಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ ಕಾಯುವುದನ್ನು ಕಲಿಯುವುದು ಅಷ್ಟು ಸುಲಭವಲ್ಲ ತಂಗೀ, ಕೈ ಕೇಳುವುದಿಲ್ಲ. ಆದರೂ ಆರು ದಿನದಲ್ಲಿ ಕಲಿತೆ. ನಾನು ಹಿಡಿದ ಕೆಲಸ ಬಿಟ್ಟದ್ದುಂಟೇ?

ಕಚೇರಿಯ ದಿನ ಡೋಲುಗಳ ಚರ್ಮ ಸಡಿಲವಾಗಿತ್ತು. ಕಾಯಿಸಿ ಬಿಗಿಮಾಡೋಣವೆಂದರೆ ಸಭಾಂಗಣದೊಳಗೆ ಕೆಂಡ ತರಕೂಡದೆಂದು ಅಪ್ಪಣೆ. ವಾಹನ ನಿಲ್ಲಿಸುವ ಜಾಗದಲ್ಲಿ ಹಾಸಿಗೆಯ ಚಾದರ ಹಾಸಿ ಎರಡನ್ನೂ ಮಟಮಟ ಮಧ್ಯಾಹ್ನದ ಬಿಸಿಲಿಗಿಟ್ಟು ಕಾವಲು ಕೂತೆ. ಒಬ್ಬ ಹೆಂಗಸು ಬಂದು, "ಜೋಡಿ ಎಷ್ಟಕ್ಕೆ ಕೊಡ್ತೀರ?" ಎಂದಳು. "ಇವು ಅಕ್ಕತಂಗಿ, ಮಾರಕ್ಕಿಲ್ಲ. ಸಾಯಂಕಾಲ ಬನ್ನಿ, ಮಾತಾಡ್ತವೆ" ಎಂದೆ. ಸಾಯಂಕಾಲ ಅವಳು ಮುಂದಿನ ಸಾಲಿನಲ್ಲೇ ಇದ್ದಳು.

ಹೊಳೆಯಾಚೆಯವರ ಕೊಳಲು ಆಯಿತು, ಹೆಂಗಸರ ಬೀಸುವ ಪದ ಆಯಿತು. ಕೊನೆಗೆ ನಾವು. ಚಿಕ್ಕದನ್ನು ನನ್ನ ಎಡಕ್ಕೆ ಮಣೆಯ ಮೇಲಿಟ್ಟು ಹಿಂದೆ ಜಾಗ ಖಾಲಿ ಬಿಡಿಸಿದ್ದೆ. ದೊಡ್ಡದು ಕೇಳಿತು, ನೀನು ಉತ್ತರ ಕೊಟ್ಟೆ, ನಾನು ಕಾದೆ. ಮತ್ತೆ ಕೇಳಿದೆ, ಮತ್ತೆ ಕಾದೆ. ನಿನ್ನ ಕೊನೆಯ ಏಟನ್ನು ನಾನು ಯಾವತ್ತೂ ಮುಚ್ಚಿಹಾಕುತ್ತಿದ್ದೆ. ಆವತ್ತು ಮೊದಲ ಸಲ ಅದು ಪೂರ್ತಿ ಕೇಳಿಸಿತು. ಅದಾದ ಮೇಲೆ ಟೇಪಿನಲ್ಲಿ ನೀನು ಕಿಸಕ್ಕೆಂದು ನಗುತ್ತೀಯ. ಮೈಕಿನವನು ಅದನ್ನು ತೆಗೆದುಹಾಕಿರಲಿಲ್ಲ. ಇಡೀ ಸಭೆ ನಿನ್ನ ಜೊತೆ ನಕ್ಕಿತು, ಸಾಹೇಬರೂ ಸೇರಿ. ನಾನು ಚೆನ್ನಾಗಿ ಬಾರಿಸಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಅಷ್ಟು ಚೆನ್ನಾಗಿ ಹಿಂದೆಂದೂ ಬಾರಿಸಿರಲಿಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಕಚೇರಿ ಇಡಲು ಕೇಳುತ್ತಿದ್ದಾರೆ. ಆಗಲಿ ಎಂದಿದ್ದೇನೆ, ತಾರೀಖು ಮಾತ್ರ ಹೇಳಿಲ್ಲ. ಅದನ್ನು ನೀನು ಹೇಳಬೇಕು. ಇಷ್ಟು ದೊಡ್ಡವಳಾದ ಮೇಲೂ ಆ ಅಡ್ಡಹೆಸರಿನಿಂದ ನಿನ್ನನ್ನು ಕರೆಯುವುದು ಈ ಪತ್ರದ ಮೇಲಿನ ಸಾಲಿಗೇ ಕೊನೆ.

ದೇಹ ನೋಡಿಕೋ. ನಿನ್ನ ಕೈಯಲ್ಲಿ ಮದ್ದು ಕುಡಿದವರೆಲ್ಲ ಎದ್ದು ಓಡಾಡಲಿ, ಆ ಕೈ ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ಆತುರಗೇಡಿ
ಅಕ್ಕ

ತಾ.ಕ.: ಬರೆಯಲು ಮರೆತೆ ಎಂದು ಶುರುಮಾಡಬೇಕೆಂದಿದ್ದೆ. ಸುಳ್ಳು, ಮರೆತಿರಲಿಲ್ಲ. ಅಮ್ಮನನ್ನು ಕಳಿಸಿಕೊಡುವ ದಿನ ಅವಳ ಕಾಲ ಬಳಿ ನಾವಿಬ್ಬರೂ ಜೋಡಿ ಬಾರಿಸಬೇಕಿತ್ತು. "ಹೊತ್ತು ಮುಳುಗೋದ್ರೊಳಗೆ ಬಾ" ಎಂದು ಫೋನಿನಲ್ಲಿ ಹೇಳಿದವಳು ನಾನೇ. ನೀನು ಮೂರು ಗಂಟೆಗೇ ಬಂದೆ. ಅಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ದೊಡ್ಡದರಲ್ಲಿ ನಾನೊಬ್ಬಳೇ ಕೇಳಿದ್ದೆ, ಅಮ್ಮ ಉತ್ತರ ಕೇಳದೆಯೇ ಹೋದಳು. ನೆರೆದವರೆಲ್ಲರ ಮುಂದೆ "ಇವತ್ತೂ ತಡವೇನೇ" ಎಂದು ನಿನ್ನನ್ನು ಅಂದೆ. ಸೋದರಮಾವ ಅವಸರ ಮಾಡಿದರು ಎಂದು ಆಮೇಲೆ ನಿನಗೆ ಹೇಳಿದೆ. ನೀನು ಅಮ್ಮನ ಮುದ್ದಿನವಳು, ಆ ಕೊನೆಯ ಹೊತ್ತಾದರೂ ನನಗೊಬ್ಬಳಿಗೇ ಬೇಕಾಗಿತ್ತು. ಮಾವ ಅವಸರ ಮಾಡಿರಲಿಲ್ಲ. "ಸಂಜೆವರೆಗೂ ಹೊತ್ತಿದೆ, ಚಿಕ್ಕವಳು ಬರ್ಲಿ" ಎಂದು ಎರಡು ಸಲ ಹೇಳಿದರು. ಬೇಡ ಎಂದವಳು ನಾನು.