ಖಾಲಿ ಬಿಟ್ಟ ಸುತ್ತು

ಅಮ್ಮಾ,

ಕೋಪದಲ್ಲೇ ಬರೆಯುತ್ತಿದ್ದೇನೆ. ಸಮಾಧಾನವಾಗಲೆಂದು ಕಾದರೆ ಈ ಪತ್ರ ಹುಟ್ಟುವುದೇ ಇಲ್ಲ.

ನಿನ್ನ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬ ಆಂಟಿ ಎದ್ದು, "ಎಷ್ಟು ಚೆನ್ನಾಗಿ ದೇವರನಾಮ ನುಡಿಸ್ತಿದ್ರು! ಮಗಳ ಸ್ಟಡೀಸ್‌ಗೋಸ್ಕರ ಎಲ್ಲಾ ಬಿಟ್ರು. ನೋಡಿ, ಮಗಳು ಯಾವಾಗ್ಲೂ ಫಸ್ಟ್!" ಎಂದರು. ಜನ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿಯಲ್ಲಿ ಚಪ್ಪಾಳೆ! ಹನ್ನೊಂದು ವರ್ಷ ನೀನು ನುಡಿಸಿದ ಬ್ಲೂಗ್ರಾಸ್ ಎಂಬ ಅಮೆರಿಕನ್ ಜನಪದ ಸಂಗೀತದ ಬಗ್ಗೆ ಒಂದು ಮಾತೂ ಇಲ್ಲ.

ನೀನು ಕಡಲು ದಾಟಿ ಬಂದು ನೆಲೆಸಿದ ಹೌಗಾಂಗ್‌ನ ನಮ್ಮ ಫ್ಲ್ಯಾಟಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್‌ನಲ್ಲಿ ನೆರೆಯ ಟ್ಯಾನ್ ಅಂಕಲ್ ಬ್ಯಾಂಜೊ ಮೀಟುತ್ತಿದ್ದಾಗ, ಮೈಸೂರಿನಲ್ಲಿ ಕಲಿತ ಪಿಟೀಲು ಹಿಡಿದು ನೀನು ಕೆಳಗಿಳಿದೆಯಂತೆ. ಅವರ ತಂಡದವರು ಒಂದೇ ಮೈಕಿನ ಸುತ್ತ ನಿಂತು, ಸರದಿಯಂತೆ ಮುಂದೆ ಬಂದು ಒಂದೊಂದು ಸುತ್ತು ನುಡಿಸಿ ಹಿಂದೆ ಸರಿಯುವವರು. ನೀನೋ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟೇ ನುಡಿಸುವವಳು. ಕೊನೆಗೆ ಮೈಕನ್ನೇ ಇಳಿಸಿದರು. ನಿಂತವರೆಲ್ಲ ನಿನಗಾಗಿ ಬಾಗಿ ಹಾಡಿದರು. ಪಾಸಿರ್ ರಿಸ್‌ನ ಕಡಲತೀರದಲ್ಲಿ ಅದನ್ನು ನೋಡಿ ನಾನೆಷ್ಟು ಬೀಗಿದ್ದೆ, ಗೊತ್ತಿತ್ತೆ ನಿನಗೆ?

ಆಮೇಲೆ ನನ್ನ ಆರನೆಯ ತರಗತಿಯ ಪರೀಕ್ಷೆ. "ಅಮ್ಮಾ, ಸ್ಟಾಪ್ ಲಾ! ನಾನು ರಿವೈಸ್ ಮಾಡ್ಬೇಕು" ಎಂದು ಇಲ್ಲಿನ ಮಕ್ಕಳ ಧಾಟಿಯಲ್ಲಿ ಸಿಡುಕಿದೆ. ಒಂದು ಸಂಜೆ, ಒಂದೇ ಸಂಜೆ! ಪಿಟೀಲಿನ ಪೆಟ್ಟಿಗೆ ಮುಚ್ಚಿದ ನೀನು ಮತ್ತೆ ತೆರೆಯಲಿಲ್ಲ. ಕೇಳಿದವರಿಗೆಲ್ಲ "ಮಗಳಿಗೆ ಡಿಸ್ಟರ್ಬ್ ಆಗತ್ತೆ" ಎಂದೆ ನೀನು. ಹನ್ನೆರಡು ವರ್ಷದವಳ ಸಿಡುಕು ನಿನಗೆ ಆಜ್ಞೆಯಾಯಿತೆ? "ಬಾಗ್ಲು ಹಾಕ್ಕೊಂಡು ಓದ್ಕೊಳೇ" ಎಂದು ಗದರಬಾರದಿತ್ತೆ? ನನ್ನ ಮೊದಲ ಸ್ಥಾನಗಳೆಲ್ಲ ನಿನ್ನ ಮೌನದ ದಾನವೆಂಬಂತೆ ಮಾಡಿಬಿಟ್ಟೆ. ಅವು ನನ್ನವು, ಅಮ್ಮಾ. ನೀನು ನುಡಿಸುತ್ತಿದ್ದರೂ ನಾನು ಅವನ್ನು ಗಳಿಸುತ್ತಿದ್ದೆ.

ಸಭೆ ಮುಗಿದ ಮೇಲೆ ಟ್ಯಾನ್ ಅಂಕಲ್ ನನ್ನ ಬಳಿಗೆ ಬಂದು, "ಯುವರ್ ಮದರ್ಸ್ ಟರ್ನ್, ಸ್ಟಿಲ್ ಎಂಪ್ಟಿ ಲಾ" ಎಂದರು. ಒಂಬತ್ತು ವರ್ಷಗಳಿಂದ ನಿನ್ನ ಸರದಿ ಬಂದಾಗ ಯಾರೂ ಮುಂದೆ ಬರುವುದಿಲ್ಲವಂತೆ. ಗಿಟಾರ್ ತಾಳ ಹಿಡಿದಿರುತ್ತದೆ, ಆ ಸುತ್ತು ಖಾಲಿಯಾಗಿಯೇ ಹೋಗುತ್ತದೆ. ಯಾರಾದರೂ ಇದನ್ನು ನಿನಗೆ ಹೇಳಿದ್ದರೆ...

ಕಳೆದ ಶನಿವಾರ ತಂಡ ನುಡಿಸುವಾಗ ನಾನು ಪಾಸಿರ್ ರಿಸ್‌ಗೆ ಹೋದೆ. ನಿನ್ನ ಪಿಟೀಲು ಹಿಡಿದು ನೆಲದ ಮೇಲೆ ಕುಳಿತೆ. ಕೇಳುವ ಮೊದಲೇ ಮೈಕ್ ಇಳಿಯಿತು. ಚಿಕ್ಕಂದಿನಲ್ಲಿ ನೀನು ಕಲಿಸಿದಷ್ಟೇ ನನಗೆ ಬರುವುದು. ಶ್ರುತಿ ತಪ್ಪಿತು, ತಾಳ ಜಾರಿತು. ತರಗತಿಗೇ ಮೊದಲಿಗಳು ಅಷ್ಟು ಜನರ ಮುಂದೆ ಕೆಟ್ಟದಾಗಿ ನುಡಿಸಿದಳು. ಎದುರಿಗಿದ್ದ ಪುಟ್ಟ ಹುಡುಗಿ ಕಿವಿ ಮುಚ್ಚಿಕೊಂಡು "ಸ್ಟಾಪ್ ಲಾ!" ಎಂದು ಕಿರುಚಿದಳು.

ನಾನು ನಿಲ್ಲಿಸಲಿಲ್ಲ, ಅಮ್ಮಾ.