ಬೀಗಿತ್ತಿಗೆ ತೆರೆದ ಬಾಗಿಲು

2 ನವೆಂಬರ್ 2025, ಭಾನುವಾರ, ಗೂಳೂರು

ನಿನ್ನೆ ಆಫೀಸಿನ ರಾಜ್ಯೋತ್ಸವದಲ್ಲಿ ನಾನು ಕನ್ನಡದಲ್ಲಿ ಮಾತಾಡಿ ವೇದಿಕೆ ಇಳಿದ ಮೇಲೆ ಮ್ಯಾನೇಜರ್ ಅಂದದ್ದು ಇವತ್ತೂ ಚುಚ್ಚುತ್ತಿದೆ. "ನಿಮ್ಮಲ್ಲಿ ಮೆಕ್ಸಿಕೋ ಕಾಣ್ಸೋದೇ ಇಲ್ಲ ಬಿಡಿ." ಹೊಗಳಿಕೆಯಂತೆ! ಕನ್ನಡ ಅಪ್ಪನದು, ಸರಿ. ಅಮ್ಮನನ್ನು ಎಲ್ಲಿ ಬಚ್ಚಿಡಲಿ?

ಅಮ್ಮ ಹುಟ್ಟಿದ ಮೆಕ್ಸಿಕೋದಲ್ಲಿ ಇವತ್ತು ಸತ್ತವರು ಮನೆಗೆ ಬರುವ ದಿನ. ಹೋದ ವರ್ಷ ತೀರಿಕೊಂಡ ತನ್ನ ತಾಯಿಯ ಫೋಟೊ ಮುಂದೆ ಅಮ್ಮ ಮೆಕ್ಕೆಜೋಳದ ರೊಟ್ಟಿ, ಕೋಳಿಸಾರು, ಒಂದು ಸಿಗರೇಟು ಇಟ್ಟಳು. ಗೇಟಿನಿಂದ ಫೋಟೊವರೆಗೆ ಚೆಂಡುಹೂವಿನ ಎಸಳು ಚೆಲ್ಲಿದಳು. ಆ ಹೂವಿನ ತವರೂ ಮೆಕ್ಸಿಕೋನೇ. ನಿನ್ನೆ ಮ್ಯಾನೇಜರ್ ಕೊರಳಲ್ಲಿದ್ದ ಹಾರವೂ ಅದರದ್ದೇ. ಹೇಳಬೇಕಿತ್ತು.

ಅಪ್ಪನ ತಾಯಿ, ನಮ್ಮಜ್ಜಿ, "ಓ, ಎಡೆ" ಎನ್ನುತ್ತಾ ಬಾಗಿಲು ಹಾಕಿಬಿಟ್ಟರು. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಾಗೇ. ಹಿರಿಯರು ಉಣ್ಣುವುದನ್ನು ನೋಡಬಾರದು.

ಅಮ್ಮ ಹೋಗಿ ಬಾಗಿಲು ತೆರೆದಳು. "ಅತ್ತೆ, ನಮ್ಮೋರು ಈ ಹೂವಿನ ದಾರಿ ಹಿಡ್ಕೊಂಡು ಬಾಗ್ಲಿಂದ್ಲೇ ಬರ್ತಾರೆ."

ಇಷ್ಟು ವರ್ಷ ಅಮ್ಮನ ಬಾಯಲ್ಲಿ 'ನಮ್ಮೋರು' ಅಂದರೆ ಗೂಳೂರಿನವರೇ. ಇವತ್ತು ಅಲ್ಲ. ನನ್ನ ಎದೆ ಉಬ್ಬಿತು.

ಅಜ್ಜಿ ಗೇಟಿನವರೆಗೂ ಎಸಳಿನ ಸಾಲು ನೋಡಿದರು. "ಬುಡು, ತೆಗ್ದೇ ಇರ್ಲಿ. ಬೀಗಿತ್ತಿ ಅಷ್ಟು ದೂರದಿಂದ ಬರೋಳು." ನಾಯಿ ನುಗ್ಗದಂತೆ ಕೋಲು ಹಿಡಿದು ಬಾಗಿಲ ಪಕ್ಕ ಕೂತರು. ಆಮೇಲೆ ಕೇಳಿದರು: "ಬೀಗಿತ್ತಿಗೆ ಕನ್ನಡ ಬತ್ತದಾ?"

"ಇಲ್ಲಜ್ಜಿ. ಅವ್ರ ಭಾಷೆ ನಂಗೆ ಬರುತ್ತೆ."

"ಹಂಗಾರೆ ನೀನೂ ಇಲ್ಲೇ ಕೂತ್ಕೊ."

ಅಲ್ಲೇ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಗಾಳಿಗೆ ಎಸಳು ಅಲುಗಿದವು. ಅಜ್ಜಿ ಕೋಲು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.